ಇಪ್ಪತ್ತಮೂರನೆಯ ಪೀರಿಯಡ್

ಕೊರಿಯಾದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಬರುವ ವಿದೇಶಿ ಶಿಕ್ಷಕರ ಒಪ್ಪಂದಪತ್ರದಲ್ಲಿ ಒಂದು ಅಂಕಿ ಬಲು ಮುಖ್ಯ: ವಾರಕ್ಕೆ 22 ಪೀರಿಯಡ್. ಪ್ರಾಥಮಿಕ ಶಾಲೆಯಲ್ಲಿ ಪೀರಿಯಡ್ ಅಂದರೆ 40 ನಿಮಿಷ, ಮಿಡ್ಲ್ ಸ್ಕೂಲಿನಲ್ಲಿ 45, ಹೈಸ್ಕೂಲಿನಲ್ಲಿ 50. ಶಾಲೆಯಲ್ಲಿ ಇರಬೇಕಾದದ್ದು ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆ. ಅದರೊಳಗೆ ಮಕ್ಕಳೆದುರು ನಿಂತು ಪಾಠ ಮಾಡಬೇಕಾದದ್ದು 22 ಪೀರಿಯಡ್. ಅದಕ್ಕಿಂತ ಹೆಚ್ಚು ಮಾಡಿಸಿಕೊಂಡರೆ ಪೀರಿಯಡ್ಡಿಗೆ ಇಷ್ಟು ಅಂತ ಬೇರೆಯಾಗಿ ಕೊಡಬೇಕು. ನನ್ನ ಗೆಳತಿಯ ಒಪ್ಪಂದದಲ್ಲಿ ಅದು 20,000 ವೊನ್, ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರು ರೂಪಾಯಿಯ ಆಸುಪಾಸು. ಆ ಇಪ್ಪತ್ತಮೂರನೆಯ ಪೀರಿಯಡ್ಡಿನ ದುಡ್ಡಿಗಾಗಿ 2024ರ ಜನವರಿಯಲ್ಲಿ ಅವಳ ಜೊತೆ ಕಾರ್ಮಿಕ ಕಚೇರಿಯ ಮೆಟ್ಟಿಲು ಹತ್ತಿದೆ.

ನಾನು ದಾವಣಗೆರೆಯವಳು, ಡೇಜಾನ್ ನಗರದ ಸಂಶೋಧನಾಲಯವೊಂದರಲ್ಲಿ ಕೆಲಸ. ವಿದೇಶಿಯರಿಗಾಗಿ ಸರ್ಕಾರ ನಡೆಸುವ ಸಂಜೆ ತರಗತಿಗಳಿಗೆ ಬಿಡದೆ ಹೋಗಿ ಕೊರಿಯನ್ ಕಲಿತಿದ್ದೆ. ಗೆಳತಿ ಡರ್ಬನ್ನಿನವಳು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಅವಳ ಮುತ್ತಜ್ಜನ ಅಪ್ಪ ಮದ್ರಾಸಿನಿಂದ ನಟಾಲ್ ಸೀಮೆಯ ಕಬ್ಬಿನ ಗದ್ದೆಗೆ ಕರಾರು ಕೂಲಿಯಾಗಿ ಹಡಗು ಹತ್ತಿದವರು. ಅವಳಿಗೆ ತಮಿಳು ಬರುವುದಿಲ್ಲ, ಆದರೂ ತೊಗರಿಬೇಳೆ ಅಂಗಡಿಯಲ್ಲಿ ಪರಿಚಯವಾದ ದಿನದಿಂದ ನನ್ನನ್ನು ಅಕ್ಕ ಅಂತಲೇ ಕರೆಯುತ್ತಾಳೆ. ಕೊರಿಯಾ ಇಂಗ್ಲಿಷ್ ಶಿಕ್ಷಕರ ವೀಸಾವನ್ನು ಬಹುಮಟ್ಟಿಗೆ ಏಳು ದೇಶದವರಿಗೆ ಮಾತ್ರ ಕೊಡುತ್ತದೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದ ಪ್ರಕಾರ ನಮ್ಮವರಿಗೂ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಬರಲು ಒಂದು ಬಾಗಿಲಿದೆ, ಆದರೆ ಆ ಬಾಗಿಲಿನಿಂದ ಬಂದ ಒಬ್ಬರನ್ನೂ ನಾನಿನ್ನೂ ಕಂಡಿಲ್ಲ. ಇವಳು ಬಂದದ್ದು 1995ರಿಂದ ನಡೆದುಕೊಂಡು ಬಂದಿರುವ ಎಪಿಕ್ ಎಂಬ ಸರ್ಕಾರಿ ಯೋಜನೆಯಲ್ಲಿ. ಕೆಲಸ ಸಿಕ್ಕಿದ್ದು ದಕ್ಷಿಣ ಚುಂಗ್‌ಚಂಗ್ ಪ್ರಾಂತ್ಯದ ಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ.

ಮಾರ್ಚ್‌ನಲ್ಲಿ ಶಾಲೆ ಶುರುವಾದಾಗ ವೇಳಾಪಟ್ಟಿಯಲ್ಲಿ ಸರಿಯಾಗಿ 22 ಪೀರಿಯಡ್ ಇದ್ದವು. ಎರಡನೆಯ ವಾರ ಉಪ ಮುಖ್ಯೋಪಾಧ್ಯಾಯರು ನಗುನಗುತ್ತಾ ಬಂದು, ಬುಧವಾರ ಮಧ್ಯಾಹ್ನ ಐದು ಮತ್ತು ಆರನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಸಂಭಾಷಣೆ ಕ್ಲಬ್ ನಡೆಸಿಕೊಡಿ ಅಂದರು. ಅದು ಎರಡು ಪೀರಿಯಡ್. ಸ್ವಲ್ಪ ದಿನ ಕಳೆದ ಮೇಲೆ ಗುರುವಾರ ಶಿಕ್ಷಕರಿಗೂ ಒಂದು ತಾಸು ಇಂಗ್ಲಿಷ್ ಮಾತಾಡಿಸಿ ಅಂದರು. ಅಲ್ಲಿಗೆ 25 ಆಯಿತು. ಅವಳು ಖುಷಿಯಿಂದಲೇ ಮಾಡಿದಳು, ಮಕ್ಕಳಿಗೂ ಆ ಕ್ಲಬ್ ಇಷ್ಟ. ಸಂಬಳದ ಚೀಟಿಯಲ್ಲಿ ಮಾತ್ರ ಹೆಚ್ಚುವರಿ ಪಾಠದ ಸಾಲು ತಿಂಗಳಿಂದ ತಿಂಗಳಿಗೆ ಖಾಲಿಯಾಗೇ ಇತ್ತು.

ಡಿಸೆಂಬರ್‌ನಲ್ಲಿ ಕೇಳಿದಾಗ ಶಾಲೆಯ ಕಚೇರಿಯಿಂದ ಮೂರು ಉತ್ತರ ಬಂದವು, ಒಂದಾದ ಮೇಲೊಂದು. ಕ್ಲಬ್ಬಿಗೆ ಪಠ್ಯಪುಸ್ತಕವಿಲ್ಲ, ಆದ್ದರಿಂದ ಅದು ಪಾಠವಲ್ಲ. ಪಾಠ ಅಂತ ಒಪ್ಪಿಕೊಂಡರೂ ಕ್ರೀಡಾದಿನ, ಪ್ರವಾಸ, ಚುಸೋಕ್ ಹಬ್ಬದ ರಜೆ ಇದ್ದ ವಾರಗಳಲ್ಲಿ ನೀವು ಕಡಿಮೆ ಪೀರಿಯಡ್ ತೆಗೆದುಕೊಂಡಿದ್ದೀರಿ, ತಿಂಗಳ ಸರಾಸರಿ ತೆಗೆದರೆ 22 ದಾಟುವುದಿಲ್ಲ. ಅದೂ ಬೇಡವೆಂದರೆ, ನೀವು ದಿನಾ ನಾಲ್ಕೂವರೆಗೆ ಮನೆಗೆ ಹೋಗುತ್ತಿದ್ದಿರಿ, 40 ಗಂಟೆ ಮೀರಿಲ್ಲ, ಇದರಲ್ಲಿ ಓವರ್‌ಟೈಮ್ ಎಲ್ಲಿ ಬಂತು? ಜೊತೆಗೆ ಒಂದು ಮಾತನ್ನೂ ಸೇರಿಸಿದರು: ಬೇಸಿಗೆ, ಚಳಿಗಾಲದ ರಜೆಯಲ್ಲಿ ಮಕ್ಕಳೇ ಇಲ್ಲದ ಶಾಲೆಯಲ್ಲಿ ನೀವು ಸುಮ್ಮನೆ ಕೂತಿದ್ದಕ್ಕೂ ನಾವು ಸಂಬಳ ಕೊಟ್ಟಿಲ್ಲವೇ?

ಈ ಕೊನೆಯ ಮಾತು ಅವಳಿಗೆ ಬಹಳ ತಾಗಿತು. ಹಾಗೆ ಕೂರಬೇಕು ಅಂತ ಬರೆದಿರುವುದೂ ಅದೇ ಒಪ್ಪಂದ. ಖಾಲಿ ಶಾಲೆಯಲ್ಲಿ ಹೀಟರ್ ಪಕ್ಕ ಕೂರುವ ಷರತ್ತಿಗೆ ಒಪ್ಪಂದ ಅನ್ವಯಿಸುತ್ತದೆ, 23ನೆಯ ಪೀರಿಯಡ್ಡಿಗೆ ಅನ್ವಯಿಸುವುದಿಲ್ಲ ಅಂದರೆ ಅದ್ಯಾವ ನ್ಯಾಯ?

ದೂರು ಕೊಡುವುದು ಸುಲಭದ ನಿರ್ಧಾರವಾಗಿರಲಿಲ್ಲ. ಈ ವೀಸಾ ಕೆಲಸ ಕೊಟ್ಟವರಿಗೇ ತಗುಲಿಕೊಂಡಿರುತ್ತದೆ. ನಡುವೆ ಬಿಟ್ಟು ಬೇರೆ ಕಡೆ ಸೇರಬೇಕೆಂದರೆ ಹಳೆಯ ಯಜಮಾನರ ಒಪ್ಪಿಗೆ ಪತ್ರ ಬೇಕು. ಒಪ್ಪಂದ ನವೀಕರಿಸುವಾಗ ಶಾಲೆಯವರು ಕೊಡುವ ಅಂಕ ಮುಖ್ಯವಾಗುತ್ತದೆ, ಮತ್ತು ಆ ನವೀಕರಣದ ಹೊತ್ತು ಹತ್ತಿರ ಬಂದಿತ್ತು. ಫೋನಿನಲ್ಲಿ ಈ ಸಂಗತಿ ಹೇಳಿದಾಗ ನನ್ನ ಅಮ್ಮ, "ಊರ ಉಸಾಬರಿ ನಿನಗ್ಯಾಕವ್ವಾ, ಪರದೇಶದಾಗ ಅದೀಯಿ" ಅಂದಳು. ಅಮ್ಮನ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಒಬ್ಬಳೇ ಹೋದರೆ ಇವಳಿಗೆ ಅಲ್ಲಿ ಏನು ನಡೆಯುತ್ತಿದೆ ಅಂತಲೇ ತಿಳಿಯುತ್ತಿರಲಿಲ್ಲ.

ಖಾಸಗಿ ಟ್ಯೂಷನ್ ಶಾಲೆಗಳಲ್ಲಿ, ಅಂದರೆ ಹಾಗ್ವನ್‌ಗಳಲ್ಲಿ ದುಡಿಯುವ ಅವಳ ಪರಿಚಯದವರ ಪಾಡು ಇನ್ನೂ ಕಷ್ಟ. ಅಲ್ಲಿ ಬಹಳ ಒಪ್ಪಂದಗಳಲ್ಲಿ "ತಿಂಗಳಿಗೆ 120 ಬೋಧನಾ ಗಂಟೆ" ಅಂತ ಬರೆದಿರುತ್ತದೆ. ಸೇರುವವರು 120 ತರಗತಿ ಅಂದುಕೊಂಡು ಸಹಿ ಹಾಕುತ್ತಾರೆ. ಜಗಳ ಬಂದಾಗ ಯಜಮಾನರು ಗಡಿಯಾರದ ಲೆಕ್ಕ ತೆಗೆಯುತ್ತಾರೆ: 120 ಗಂಟೆ ಅಂದರೆ 7,200 ನಿಮಿಷ, ತರಗತಿ 40 ನಿಮಿಷದ್ದಾದರೆ 180 ತರಗತಿ ಆಗುವವರೆಗೆ ಹೆಚ್ಚುವರಿ ಏನೂ ಇಲ್ಲ. ಕೆಲವು ಕಡೆ ಶಿಕ್ಷಕರನ್ನು ನೌಕರರೆಂದೇ ತೋರಿಸದೆ, ಸ್ವಂತ ವ್ಯವಹಾರ ಮಾಡುವವರಂತೆ ಬರೆದುಕೊಂಡು ಶೇ. 3.3 ತೆರಿಗೆ ಹಿಡಿದು ಉಳಿದದ್ದನ್ನು ಕೈಗಿಡುತ್ತಾರೆ. ಓವರ್‌ಟೈಮೂ ಇಲ್ಲ, ಕೆಲಸ ಬಿಡುವಾಗ ವರ್ಷಕ್ಕೊಂದು ತಿಂಗಳ ಸಂಬಳದಂತೆ ಬರಬೇಕಾದ ಇಡಿಗಂಟೂ ಇಲ್ಲ. ಐದಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಜಾಗಗಳಿಗೆ ಓವರ್‌ಟೈಮಿನ ಒಂದೂವರೆ ಪಟ್ಟು ಕೂಲಿಯ ನಿಯಮ ಕಾನೂನಿನ ಪ್ರಕಾರವೇ ಅನ್ವಯಿಸುವುದಿಲ್ಲ. ಚಿಕ್ಕ ಹಾಗ್ವನ್‌ಗಳಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಇದನ್ನೆಲ್ಲ ಕೇಳಿದ ಮೇಲೆ, ಸರ್ಕಾರಿ ಶಾಲೆಯಲ್ಲಿ, ಬರಹದಲ್ಲಿರುವ ಒಪ್ಪಂದವಿದ್ದೂ ಕೇಳದೆ ಬಿಟ್ಟರೆ ಸರಿಯಲ್ಲ ಅಂತ ನಾನೇ ಒತ್ತಾಯ ಮಾಡಿದೆ.

ಸಾಕ್ಷಿ ಏನಿದೆ ಅಂತ ನೋಡಿದಾಗ ಅವಳ ಡೈರಿ ಇತ್ತು, ಆದರೆ ಡೈರಿಯನ್ನು ಯಾರೂ ಬರೆದುಕೊಳ್ಳಬಹುದು. ದಾರಿ ತೋರಿಸಿದವರು ಅವಳ ಕೊರಿಯನ್ ಸಹಶಿಕ್ಷಕಿ. ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ವಾರವಾರ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಕಳಿಸುತ್ತಾರೆ: ಮುಂದಿನ ವಾರ ಯಾವ ದಿನ ಎಷ್ಟನೆಯ ಪೀರಿಯಡ್ಡಿನಲ್ಲಿ ಏನು ಪಾಠ, ಯಾವ ಸಾಮಾನು ತರಬೇಕು ಅಂತ ತಂದೆತಾಯಿಗೆ ತಿಳಿಸುವ ಹಾಳೆ. ಐದು ಮತ್ತು ಆರನೆಯ ತರಗತಿಯ ಹಾಳೆಗಳಲ್ಲಿ ಬುಧವಾರದ ಅಂಕಣದಲ್ಲಿ "ಇಂಗ್ಲಿಷ್ ಸಂಭಾಷಣೆ, ವಿದೇಶಿ ಶಿಕ್ಷಕಿ" ಅಂತ ಶಾಲೆಯೇ ಅಚ್ಚು ಹಾಕಿಸಿತ್ತು. ಕೆಳಗೆ ತರಬೇಕಾದ ಸಾಮಾನಿನ ಸಾಲಿನಲ್ಲಿ ಕತ್ತರಿ, ಅಂಟು, ಬಣ್ಣದ ಪೆನ್ಸಿಲ್. ಸಹಶಿಕ್ಷಕಿ ಮಾರ್ಚ್‌ನಿಂದ ಡಿಸೆಂಬರ್‌ವರೆಗಿನ ಅಷ್ಟೂ ಹಾಳೆಗಳನ್ನು ಒಂದು ಫೈಲಿನಲ್ಲಿ ಜೋಡಿಸಿ ತಂದುಕೊಟ್ಟರು. ಅದೇ ಶಾಲೆಯಲ್ಲಿ ದುಡಿಯುವವರು, ನಾಳೆ ಉಪ ಮುಖ್ಯೋಪಾಧ್ಯಾಯರ ಮುಖ ನೋಡಬೇಕಾದವರು. ಯಾಕೆ ಇಷ್ಟು ಧೈರ್ಯ ಮಾಡಿದಿರಿ ಅಂತ ಕೇಳಿದೆ. ಆ ವರ್ಷ ಜುಲೈನಲ್ಲಿ ಸೋಲ್ ನಗರದ ಪ್ರಾಥಮಿಕ ಶಾಲೆಯೊಂದರ ಯುವ ಶಿಕ್ಷಕಿ ತೀರಿಕೊಂಡ ಮೇಲೆ ಸಾವಿರಾರು ಶಿಕ್ಷಕರು ಕಪ್ಪು ಬಟ್ಟೆ ತೊಟ್ಟು ಬೀದಿಗಿಳಿದಿದ್ದರು. ಇವರೂ ಶನಿವಾರಗಳಂದು ಬಸ್ಸು ಹಿಡಿದು ಹೋಗಿ ಅಲ್ಲಿ ಕೂತು ಬಂದವರು. "ನಮಗೆ ರಕ್ಷಣೆ ಕೊಡಿ ಅಂತ ಅಲ್ಲಿ ಕೂಗಿ ಬಂದು, ಇಲ್ಲಿ ಪಕ್ಕದ ಮೇಜಿನವಳ ವಿಷಯಕ್ಕೆ ಬಾಯಿ ಮುಚ್ಚಿಕೊಂಡಿರಲೇ?" ಅಂದರು.

ಕಾರ್ಮಿಕ ಇಲಾಖೆಯ 1350 ಸಂಖ್ಯೆಗೆ ಫೋನು ಮಾಡಿ ಕ್ರಮ ತಿಳಿದುಕೊಂಡೆವು. ದೂರು ಕೊಡಲು ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಕಾರ್ಮಿಕ ನಿರೀಕ್ಷಕರು 25 ದಿನಗಳೊಳಗೆ ಇತ್ಯರ್ಥ ಮಾಡಬೇಕು, ಬೇಕಾದರೆ ಅವಧಿ ವಿಸ್ತರಿಸಬಹುದು. ಸಂಬಳದ ಬಾಕಿಯನ್ನು ಮೂರು ವರ್ಷದವರೆಗೆ ಕೇಳಬಹುದು.

ವಿಚಾರಣೆಯ ದಿನ ಹೊರಗೆ ಹಿಮ ಬಿದ್ದಿತ್ತು. ನಾನು ಕೋರ್ಟಿನಂಥದ್ದೇನನ್ನೋ ನಿರೀಕ್ಷಿಸಿದ್ದೆ. ಒಳಗೆ ಉದ್ದನೆಯ ಹಾಲ್, ಗಿಡ್ಡ ಪಾರ್ಟಿಷನ್‌ಗಳ ಹಿಂದೆ ಸಾಲು ಮೇಜು. ಪಕ್ಕದ ಮೇಜಿನಲ್ಲಿ ಕಾರ್ಖಾನೆಯ ಜಾಕೆಟ್ಟಿನಲ್ಲೇ ಬಂದ ನೇಪಾಳಿ ಹುಡುಗನೊಬ್ಬ ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದ. ನಮ್ಮ ನಿರೀಕ್ಷಕಿ ನಲವತ್ತರ ಆಸುಪಾಸಿನವರು. ಅವರ ಎದುರು ಎರಡು ಕುರ್ಚಿ ಅಕ್ಕಪಕ್ಕ: ಒಂದರಲ್ಲಿ ಗೆಳತಿ, ಇನ್ನೊಂದರಲ್ಲಿ ಶಾಲೆಯ ಕಚೇರಿಯ ಮುಖ್ಯಸ್ಥರು. ನಾನು ಹಿಂದೆ ಸ್ಟೂಲಿನ ಮೇಲೆ, ದುಭಾಷಿಯಾಗಿ.

ನಿರೀಕ್ಷಕಿ ಮೊದಲು ಹೇಳಿದ ಮಾತು ನಮಗೆ ಅನುಕೂಲದ್ದಾಗಿರಲಿಲ್ಲ. ಕಾರ್ಮಿಕ ಮಾನದಂಡ ಕಾಯ್ದೆಯ 56ನೆಯ ಕಲಮಿನ ಪ್ರಕಾರ ದಿನಕ್ಕೆ 8 ಅಥವಾ ವಾರಕ್ಕೆ 40 ಗಂಟೆ ಮೀರಿ ದುಡಿಸಿಕೊಂಡರೆ ಶೇ. 50 ಹೆಚ್ಚಿಗೆ ಕೊಡಬೇಕು, ಆದರೆ ಇವರ ಹೆಚ್ಚುವರಿ ಪೀರಿಯಡ್ಡುಗಳು ಆ 40 ಗಂಟೆಯ ಒಳಗೇ ಇವೆ, ಆದ್ದರಿಂದ ಇದು ಕಾಯ್ದೆಯ ಓವರ್‌ಟೈಮ್ ಅಲ್ಲ ಅಂದರು. ಕಚೇರಿಯ ಮುಖ್ಯಸ್ಥರು ತಲೆಯಾಡಿಸಿದರು. ಅಷ್ಟರಲ್ಲಿ ನಿರೀಕ್ಷಕಿ ಒಪ್ಪಂದದ ಪುಟ ತಿರುಗಿಸಿ, ಪೆನ್ನಿನ ತುದಿಯನ್ನು ಒಂದು ಸಾಲಿನ ಮೇಲಿಟ್ಟು ಕೇಳಿದರು: "ವಾರಕ್ಕೆ 22 ಮೀರಿದರೆ ಕೊಡುತ್ತೇವೆ ಅಂತ ನೀವೇ ಬರೆದಿದ್ದೀರಲ್ಲ. ಕೊಡುತ್ತೇವೆ ಅಂತ ಒಪ್ಪಿಕೊಂಡ ಹಣವೂ ಸಂಬಳವೇ. ಸಂಬಳವನ್ನು ಪೂರ್ತಿ ಕೊಡಬೇಕು ಅನ್ನುತ್ತದೆ 43ನೆಯ ಕಲಂ. ಇಲ್ಲಿ ತಿಂಗಳ ಸರಾಸರಿ ಅಂತ ಎಲ್ಲಿ ಬರೆದಿದೆ, ತೋರಿಸಿ."

ತೋರಿಸಲು ಅವರಲ್ಲಿ ಏನೂ ಇರಲಿಲ್ಲ. ಕ್ಲಬ್ ಪಾಠವಲ್ಲ ಅನ್ನುವ ವಾದಕ್ಕೆ ಬಂದಾಗ ನಾನು ಫೈಲು ಮುಂದಿಟ್ಟೆ. ನಿರೀಕ್ಷಕಿ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು, ಬುಧವಾರದ ಅಂಕಣದ ಮೇಲೆ ಬೆರಳಾಡಿಸುತ್ತಾ. ಆಮೇಲೆ, "ಶಾಲೆಯ ಸಮಯದಲ್ಲಿ, ಶಾಲೆಯ ಕೋಣೆಯಲ್ಲಿ, ಹಾಜರಿ ಹಾಕಿಕೊಂಡು, ಕತ್ತರಿ ಅಂಟು ತನ್ನಿ ಅಂತ ಮನೆಗೆ ಬರೆದು ಕಳಿಸಿದ ಮೇಲೆ ಅದನ್ನು ಏನಂತ ಕರೆಯೋಣ?" ಅಂದರು. ಧ್ವನಿ ಏರಿಸಲಿಲ್ಲ. ನನಗೆ ಗಂಟಲು ಕಟ್ಟಿತು, ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದು ಸ್ವಲ್ಪ ತಡವಾಯಿತು. ಅಷ್ಟು ದಿನ ಸುತ್ತಿ ಬಳಸಿ ಮಾತಾಡಿದವರ ನಡುವೆ, ಒಬ್ಬರು ಕಾಗದದಲ್ಲಿ ಇರುವುದನ್ನು ಇರುವ ಹಾಗೆ ಓದಿದ್ದು ಅದೇ ಮೊದಲು.

ಶಾಲೆ ನಡೆಸಿದ ಬೇಸಿಗೆ ಶಿಬಿರದ ದುಡ್ಡಿನ ಪ್ರಶ್ನೆ ಬೇರೆಯಾಗಿತ್ತು. ಅಲ್ಲಿ ಮಕ್ಕಳು ಉಳಿದುಕೊಂಡಿದ್ದರು, ಇವಳು ರಾತ್ರಿ ಒಂಬತ್ತರವರೆಗೆ ಅವರ ಜೊತೆಗಿದ್ದಳು. ಅದು ಕಾಯ್ದೆಯ ಓವರ್‌ಟೈಮೇ. ಇವಳ ಮಾಸಿಕ ಸಂಬಳ 23 ಲಕ್ಷ ವೊನ್. ಅದನ್ನು 209ರಿಂದ ಭಾಗಿಸಿದರು. ವಾರಕ್ಕೆ 40 ಗಂಟೆ ಕೆಲಸ, ಅದರ ಮೇಲೆ ಸಂಬಳ ಸಹಿತ ವಾರದ ರಜೆಯ 8 ಗಂಟೆ, ಒಟ್ಟು 48. ತಿಂಗಳಿಗೆ ಲೆಕ್ಕ ಹಾಕಿದರೆ 209 ಗಂಟೆ. ಗಂಟೆಗೆ 11,004 ವೊನ್, ಅದರ ಒಂದೂವರೆ ಪಟ್ಟು 16,506. ರಾತ್ರಿಯವರೆಗೆ ಮಕ್ಕಳನ್ನು ಕಾದ ಒಂದು ಗಂಟೆಗೆ ಕಾನೂನು ಕೊಡುವ ಹಣ, ಹಗಲಿನ 40 ನಿಮಿಷದ ಹೆಚ್ಚುವರಿ ಪಾಠಕ್ಕೆ ಒಪ್ಪಂದ ಕೊಡುವ ಹಣಕ್ಕಿಂತ ಕಡಿಮೆ. ಹಾಗಾಗಿ, ಓವರ್‌ಟೈಮ್ ಅಂತ ಒಂದೇ ಮಾತಿನಲ್ಲಿ ಕೇಳಲು ಹೋಗುವವರು ಯಾವ ಗಂಟೆ ಯಾವ ಲೆಕ್ಕಕ್ಕೆ ಸೇರುತ್ತದೆ ಅಂತ ಮೊದಲು ಬೇರ್ಪಡಿಸಿಕೊಳ್ಳಬೇಕು.

ಹೇಳಿಕೆಯನ್ನೆಲ್ಲ ಅಲ್ಲೇ ಟೈಪು ಮಾಡಿ ಮುದ್ರಿಸಿ ಕೊಟ್ಟರು. ನಾನು ಸಾಲುಸಾಲಾಗಿ ಓದಿ ಹೇಳಿದ ಮೇಲೆ ಗೆಳತಿ ಸಹಿ ಹಾಕಿದಳು. ಪುಟಗಳನ್ನು ಮಡಚಿ, ಎರಡು ಪುಟ ಸೇರುವ ಜಾಗದಲ್ಲಿ ಅರ್ಧ ಇಲ್ಲಿ ಅರ್ಧ ಅಲ್ಲಿ ಬೀಳುವಂತೆ ಹೆಬ್ಬೆಟ್ಟು ಒತ್ತಬೇಕು, ನಡುವೆ ಯಾರೂ ಪುಟ ಬದಲಿಸಬಾರದು ಅಂತ. ಕೆಂಪು ಶಾಯಿ ಹತ್ತಿದ ಹೆಬ್ಬೆರಳನ್ನು ನೋಡುತ್ತಾ ಅವಳು, "ನಮ್ಮ ಮುತ್ತಜ್ಜನ ಅಪ್ಪನೂ ಹೀಗೇ ಹೆಬ್ಬೆಟ್ಟು ಒತ್ತಿದ್ದು, ಅಕ್ಕ. ಆದರೆ ಅವರಿಗೆ ಯಾರೂ ಓದಿ ಹೇಳಿರಲಿಕ್ಕಿಲ್ಲ" ಅಂದಳು.

ಈ ಕಾರ್ಮಿಕ ಮಾನದಂಡ ಕಾಯ್ದೆ ಮೊದಲು ಬಂದದ್ದು 1953ರಲ್ಲಿ. ಪುಸ್ತಕದಲ್ಲಿ ಇದ್ದರೂ ಬಹಳ ಕಾಲ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. 1970ರ ನವೆಂಬರ್ 13ರಂದು ಸೋಲ್‌ನ ಬಟ್ಟೆ ಮಾರುಕಟ್ಟೆಯಲ್ಲಿ ಜನ್ ತೆ-ಇಲ್ ಎಂಬ 22 ವರ್ಷದ ಹೊಲಿಗೆ ಕೆಲಸಗಾರ ಇದನ್ನು ಪಾಲಿಸಿ ಅಂತ ಕೂಗುತ್ತಾ ಮೈಗೆ ಬೆಂಕಿ ಹಚ್ಚಿಕೊಂಡ. ಛಂಗ್ಯೆಛನ್ ತೊರೆಯ ಸೇತುವೆಯ ಮೇಲೆ ಅವನ ಪ್ರತಿಮೆ ಇದೆ. ನಮ್ಮಂಥ ವಿದೇಶಿಯರು ಇಂದು ವಕೀಲರಿಲ್ಲದೆ ಆ ಹಾಲ್‌ನಲ್ಲಿ ಕುರ್ಚಿ ಎಳೆದುಕೊಂಡು ಕೂರಲು ಆಗುತ್ತಿರುವುದರ ಹಿಂದೆ ಇಂಥವರಿದ್ದಾರೆ. ಇಲ್ಲಿ ದುಡಿಯುವ ನಮ್ಮವರಿಗೆ ಈ ಹೆಸರು ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಹೆಚ್ಚುವರಿ ಪಾಠಕ್ಕೆ ಕೇಳಿದ್ದು 85 ಪೀರಿಯಡ್ಡಿನ 17 ಲಕ್ಷ ವೊನ್. ಸಿಕ್ಕಿದ್ದು ಕ್ಲಬ್ಬಿನ 58 ಪೀರಿಯಡ್ಡಿನ 11 ಲಕ್ಷ 60 ಸಾವಿರ, ಶಿಬಿರದ 8 ಗಂಟೆಯ ಒಂದು ಲಕ್ಷ ಮೂವತ್ತೆರಡು ಸಾವಿರ. ಶಿಕ್ಷಕರಿಗೆ ಮಾಡಿದ ಗುರುವಾರದ ತಾಸುಗಳು ಕೈಬಿಟ್ಟವು. ಅವಕ್ಕೆ ಹಾಜರಿಯೂ ಇರಲಿಲ್ಲ, ಹಾಳೆಯೂ ಇರಲಿಲ್ಲ, ಸ್ವಇಚ್ಛೆಯಿಂದ ಸೇರಿ ಹರಟಿದ್ದು ಅಂತ ಶಾಲೆ ಹೇಳಿಕೆ ಕೊಟ್ಟಿತು. ವಾರವಾರ ಅವಳೆದುರು ಪುಸ್ತಕ ಬಿಡಿಸಿಕೊಂಡು ಕೂತವರಲ್ಲಿ ಸಹಶಿಕ್ಷಕಿಯೊಬ್ಬರನ್ನು ಬಿಟ್ಟು ಯಾರೂ ಹೌದು ಪಾಠ ಮಾಡಿದ್ದಳು ಅನ್ನಲಿಲ್ಲ. ಆ 5 ಲಕ್ಷ 40 ಸಾವಿರಕ್ಕಿಂತ ಇದು ಅವಳಿಗೆ ಹೆಚ್ಚು ನೋವು ಕೊಟ್ಟಿತು, ನನಗೂ.

ಒಪ್ಪಂದ ನವೀಕರಣವಾಯಿತು. ಹೊಸ ವರ್ಷದ ವೇಳಾಪಟ್ಟಿಯಲ್ಲಿ ಕ್ಲಬ್ ಇದೆ, ಗುರುವಾರದ ತಾಸು ಇಲ್ಲ. ಪ್ರತಿ ಶುಕ್ರವಾರ ಆ ವಾರದ ಪೀರಿಯಡ್ಡುಗಳ ಚೀಟಿಗೆ ಅವಳು ಮತ್ತು ಉಪ ಮುಖ್ಯೋಪಾಧ್ಯಾಯರು ಇಬ್ಬರೂ ಸಹಿ ಹಾಕುತ್ತಾರೆ. ಪಕ್ಕದ ಊರಿನ ಶಾಲೆಯ ಐರ್ಲೆಂಡಿನ ಶಿಕ್ಷಕನೊಬ್ಬ ಆ ಚೀಟಿಯ ನಮೂನೆ ಕೇಳಿ ಪಡೆದುಕೊಂಡಿದ್ದಾನೆ. ಅವನದೂ ಒಂದು ಬಾಕಿ ಇದೆ, ದೂರು ಸಲ್ಲಿಸಿದ್ದಾನೆ. ವಿಚಾರಣೆಗೆ ಮಾತು ತಿಳಿಸಿ ಹೇಳುವವರು ಬೇಕೆಂದಾಗ ನಾನು ಬರುತ್ತೇನೆ ಅಂದಿದ್ದೇನೆ.