ಜಮಾಬಂದಿಗೆ ಬಂದವರು ಕೇಳಿದ್ದು ಮನೆ

ನಮ್ಮ ಮಲೆನಾಡಿನ ಹೊಸನಗರದ ಕಡೆ ಜಮಾಬಂದಿ ಬರುವುದೇ ಮಳೆ ಇನ್ನೂ ಬಿಡದ ಹೊತ್ತಿಗೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯಿತಿ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದಬೇಕು. ಈ ಸಲ ಸಭೆಯ ದಿನವೇ ಬಿಸಿಲು ಬಂತು. ಅರ್ಧ ಊರು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ತೋಟಕ್ಕೆ ಹೋಯಿತು. ಯಾರಾದರೂ ಹಾಗೇ ಮಾಡುತ್ತಿದ್ದರು ಬಿಡಿ. ಬಂದವರಲ್ಲಿ ಹೆಂಗಸರೇ ಜಾಸ್ತಿ. ಹೆಚ್ಚಿನವರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮನೆಗೆ ಹಾಕಿದ ಅರ್ಜಿ.

ತಾಲೂಕಿನಿಂದ ಬಂದ ಅಧಿಕಾರಿ ಮೊದಲೇ ಹೇಳಿಬಿಟ್ಟರು: "ಇವತ್ತು ಲೆಕ್ಕ ಮಾತ್ರ. ಮನೆ ವಿಷಯ ಗ್ರಾಮಸಭೆಯಲ್ಲಿ." ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆಯೇ. ಆದರೆ ಹಳ್ಳ ದಾಟಿಕೊಂಡು ಬಂದವರಿಗೆ ಅದೂ ಪಂಚಾಯಿತಿ, ಇದೂ ಪಂಚಾಯಿತಿ. ಕವರನ್ನು ಯಾರೂ ಚೀಲಕ್ಕೆ ಹಾಕಲಿಲ್ಲ.

ಲೆಕ್ಕ ಓದುವುದು ಶುರುವಾಯಿತು. ರಸ್ತೆ, ಚರಂಡಿ, ಬೀದಿದೀಪ, ನರೇಗಾದ ಬಸಿಗಾಲುವೆ ಎಲ್ಲ ಬೇಗ ಬೇಗ ಮುಗಿದವು. ಕಾಲುಸಂಕದ, ಅಂದರೆ ಹಳ್ಳ ದಾಟುವ ಸಣ್ಣ ಸೇತುವೆಯ, ಮಾತು ಬಂದಾಗ ಒಬ್ಬರು ಎದ್ದು ನಿಂತರು. ಅವರ ಕೇರಿಯ ಮಕ್ಕಳು ಶಾಲೆಗೆ ಹೋಗುವುದು ಅಡಿಕೆ ಮರದ ದಬ್ಬೆ ಕಟ್ಟಿದ ಸಂಕದ ಮೇಲೆ. ಇದಕ್ಕೆ ಯಾಕೆ ದುಡ್ಡಿಲ್ಲ ಅಂತ ಅವರ ಪ್ರಶ್ನೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಉಳಿದ 40ರಲ್ಲಿ ಬಾಕಿ ಎಲ್ಲವೂ ಆಗಬೇಕು ಅಂತ ಕಾರ್ಯದರ್ಶಿ ವಿವರಿಸಿದರು.

"ಹಾಗಾದ್ರೆ ನೀರಾದ್ರೂ ಬರ್ಬೇಕಿತ್ತಲ್ಲ ಮಾರಾಯ್ರೆ" ಅಂತ ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು.

ನಗುವುದಕ್ಕೆ ಕಾರಣವಿತ್ತು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ನಲ್ಲಿಯಲ್ಲಿ ಬರಬೇಕು. ನಮ್ಮಲ್ಲಿ ಮನೆಗಳು ಒಂದರ ಪಕ್ಕ ಒಂದು ಇರುವುದಿಲ್ಲ. ಗುಡ್ಡದ ಈಚೆ ಒಂದು, ಆಚೆ ಒಂದು. ಎರಡು ಮನೆಗೆ ಅಂತ ಅಷ್ಟುದ್ದ ಪೈಪ್ ಎಳೆಯಬೇಕು. ಮಳೆಗೆ ಧರೆ ಜರಿದರೆ ಪೈಪೂ ಅದರ ಜೊತೆ ಹೋಗುತ್ತದೆ. ಹಾಗಾಗಿ ಅಂಗಳದಲ್ಲಿ ನಲ್ಲಿ ಇದ್ದರೂ ಕುಡಿಯುವುದು ಗುಡ್ಡದಿಂದ ಇಳಿಸಿಕೊಂಡ ಅಬ್ಬಿ ನೀರನ್ನೇ. ಬಯಲುಸೀಮೆಯ ಊರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಲೆಕ್ಕ ಇದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಕೊನೆಗೂ ಮಾತು ಮನೆಗೆ ಬಂತು. ತಡೆಯಲು ಅಧಿಕಾರಿಗೂ ಆಗಲಿಲ್ಲ.

ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಸಿಗುವುದು 1.20 ಲಕ್ಷ. ತಳಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ತಿ ಮನೆ. ಒಂದೊಂದು ಹಂತಕ್ಕೂ ಫೋಟೋ ತೆಗೆಸಿದ ಮೇಲೆ ಒಂದೊಂದು ಕಂತು. ಜಂಬಿಟ್ಟಿಗೆ ಕಲ್ಲು, ಮರಳು, ಗಾರೆಯವರ ಕೂಲಿ ಗೊತ್ತಿದ್ದವರಿಗೆ ಈ ದುಡ್ಡು ಎಲ್ಲಿ ಮುಗಿಯುತ್ತದೆ ಅಂತ ಹೇಳಬೇಕಾಗಿಲ್ಲ. ಆದರೂ ಆ ದಿನ ಯಾರೂ ದುಡ್ಡಿನ ಮಾತೆತ್ತಲಿಲ್ಲ. ಎಲ್ಲರೂ ಕೇಳಿದ್ದು ಜಾಗ.

ಒಬ್ಬ ಹೆಂಗಸಿನ ಅರ್ಜಿ ಪಟ್ಟಿಯಲ್ಲಿ ಸೇರಿದೆ. ಮನೆಯೂ ಮಂಜೂರಾಗಬಹುದು. ಆದರೆ ಅವರು ಇರುವ ಜಾಗಕ್ಕೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಇಲ್ಲ, 11 ಇಲ್ಲ. ಅವರ ಮಾವನ ಮನೆಯವರು ಶರಾವತಿ ಮುಳುಗಡೆಯಿಂದ ಎದ್ದು ಬಂದವರು. ಆ ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದಿನಿಂದ ಆ ಮನೆ ಅಲ್ಲೇ ಇದೆ. ಆದರೆ ಜಾಗ ಅರಣ್ಯ ಅಂತ ಒಂದು ಇಲಾಖೆ, ಕಂದಾಯದ್ದು ಅಂತ ಇನ್ನೊಂದು. ಕಂದಾಯ ಜಮೀನಾದರೆ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡುವ 94ಸಿ ಅಂತ ಒಂದು ದಾರಿ ಇದೆ. ಅರಣ್ಯವಾದರೆ ಕೇಂದ್ರದ ಒಪ್ಪಿಗೆ ಬೇಕು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಹಾಗಿದೆ. ಅಂದರೆ ಮನೆ ಯಾರಿಗೆ ಅಂತ ಹೇಳುವ ಅಧಿಕಾರ ನಮ್ಮ ಗ್ರಾಮಸಭೆಗಿದೆ, ಅದನ್ನು ಎಲ್ಲಿ ಕಟ್ಟಬೇಕು ಅಂತ ಹೇಳುವ ಅಧಿಕಾರ ಇಲ್ಲ. ಪಂಚಾಯಿತಿಯವರನ್ನು ಬೈದು ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ಬೈಯುತ್ತೇವೆ. ಕೈಗೆ ಸಿಗುವವರು ಅವರೇ ಅಲ್ವಾ?

ಇದರ ನಡುವೆ ಇನ್ನೊಂದು ವಿಚಿತ್ರ ಇದೆ, ಸಭೆಯಲ್ಲಿ ಯಾರೂ ಎತ್ತದ್ದು. ನಮ್ಮೂರಲ್ಲೇ ದೊಡ್ಡ ದೊಡ್ಡ ಹೆಂಚಿನ ಮನೆಗಳು ಖಾಲಿ ಇವೆ. ಮಕ್ಕಳು ಬೆಂಗಳೂರಲ್ಲಿ. ಇಲ್ಲಿ ವಯಸ್ಸಾದ ಇಬ್ಬರು, ಇಲ್ಲದಿದ್ದರೆ ಒಂದು ಬೀಗ. ಕೆಲವು ಹೋಂಸ್ಟೇ ಆಗಿವೆ. ಊರಿಗೆ ಹೊಸದಾಗಿ ಬಂದ ಟೀಚರ್ ಬಾಡಿಗೆಗೆ ಒಂದು ಕೋಣೆ ಸಿಗದೆ ದಿನಾ ಬಸ್ಸಲ್ಲಿ ಓಡಾಡುತ್ತಾರೆ. ಬಾಡಿಗೆಗೆ ಕೊಟ್ಟರೆ ಬಿಡಿಸೋದು ಕಷ್ಟ ಅಂತ ಹೆದರಿಕೆ. ಜಾತಿ ಕೇಳುವುದೂ ಇದೆ, ಸುಮ್ನೆ ಮುಚ್ಚಿಡುವುದು ಯಾಕೆ? ಇದಕ್ಕೆ ಯಾವ ಅರಣ್ಯ ಕಾಯ್ದೆಯೂ ಅಡ್ಡ ಇಲ್ಲ.

ಕೊನೆಯಲ್ಲಿ, ಜಾಗದ ಬಗ್ಗೆ ತಹಶೀಲ್ದಾರರಿಗೆ ಪತ್ರ ಬರೆಯುವುದು ಅಂತ ನಡಾವಳಿ ಪುಸ್ತಕದಲ್ಲಿ ಬರೆಯಲು ಹೊರಟರು. ಆಗ ಆ ಹೆಂಗಸು ಕೂತಲ್ಲಿಂದಲೇ ಕೇಳಿದರು, "ಹೋದ ವರ್ಷ ಬರೆದದ್ದಕ್ಕೆ ಎಂತ ಉತ್ತರ ಬಂತು?"

ಕಡತ ತರಿಸಿದರು. ಉತ್ತರ ಬಂದಿತ್ತು. ಅರಣ್ಯ, ಕಂದಾಯ ಎರಡೂ ಇಲಾಖೆ ಸೇರಿ ಜಂಟಿ ಸರ್ವೆ ಆಗಬೇಕು ಅಂತ ಅದರಲ್ಲಿತ್ತು. ಅದನ್ನು ಯಾರೂ ಊರಿಗೆ ಹೇಳಿರಲಿಲ್ಲ. ಸರ್ವೆಗೆ ದಿನಾಂಕವೂ ನಿಗದಿಯಾಗಿರಲಿಲ್ಲ. ಹಾಗಾಗಿ ಹೊಸ ಪತ್ರ ಬೇಡ ಅಂದೆವು. ಮುಂದಿನ ಗ್ರಾಮಸಭೆಗೆ ಎರಡೂ ಇಲಾಖೆಯವರನ್ನು ಕರೆಸಬೇಕು, ಸರ್ವೆ ದಿನಾಂಕ ಅಲ್ಲೇ ಹೇಳಬೇಕು ಅಂತ ಬರೆಸಿ, ಇದ್ದವರೆಲ್ಲ ಸಹಿ ಹಾಕಿದೆವು. ಅದರ ಒಂದು ಪ್ರತಿಯನ್ನು ಆ ಹೆಂಗಸು ಕೇಳಿ ಇಸಿದುಕೊಂಡರು.