ನಾಲ್ಕು ಗಂಟೆ ಸರ್

“ಅದರಲ್ಲಿ ವಾರಕ್ಕೆ ಎಷ್ಟು ಗಂಟೆ ಹಾಳಾಗುತ್ತದಮ್ಮಾ?”

“ನಾಲ್ಕು ಗಂಟೆ ಸರ್.”

ಕಳೆದ ಶುಕ್ರವಾರ ಮಧ್ಯಾಹ್ನ ನಮ್ಮ ಕಾಲೇಜಿನ ಸಭಾಂಗಣದಲ್ಲಿ ನನ್ನ ಹವ್ಯಾಸದ ಬಗ್ಗೆ ನಡೆದ ಮಾತು ಇಷ್ಟೇ. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ, ಪಕ್ಕದಲ್ಲಿ ಕೂತಿದ್ದ ಗೆಳತಿ ಮೊಬೈಲಿನಿಂದ ತಲೆ ಕೂಡ ಎತ್ತಲಿಲ್ಲ. ಆದರೂ ಆರು ದಿನಗಳಿಂದ ಅದು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ. ರೊಟ್ಟಿ ಮುರಿಯುವಾಗ ಕೇಳುತ್ತದೆ, ನಳದ ಕೆಳಗೆ ಕೊಡ ಇಟ್ಟು ನಿಂತಾಗ ಕೇಳುತ್ತದೆ.

ಕೇಳಿದವರು ಹೈದರಾಬಾದಿನಿಂದ ಬಂದಿದ್ದ ವ್ಯಕ್ತಿತ್ವ ವಿಕಸನದ ತರಬೇತುದಾರರು. ಓದು ಮತ್ತು ಹವ್ಯಾಸಗಳ ನಡುವಿನ ಸಮತೋಲನ ಅವತ್ತಿನ ವಿಷಯ. ಮನುಷ್ಯ ಕೆಟ್ಟವರೇನಲ್ಲ. ಬೆವರು ಒರೆಸಿಕೊಳ್ಳುತ್ತ ಎರಡು ಗಂಟೆ ನಿಂತೇ ಮಾತನಾಡಿದರು, ಹಿಂದಿನ ಬೆಂಚಿನ ಹುಡುಗರ ಗದ್ದಲವನ್ನೂ ಸಹಿಸಿಕೊಂಡರು. ಆದರೆ ಬೋರ್ಡಿನ ಮೇಲೆ ಒಂದು ದೊಡ್ಡ ವೃತ್ತ ಬರೆದು 24 ಗಂಟೆಗಳನ್ನು ಕಲ್ಲಂಗಡಿಯಂತೆ ಹೋಳು ಮಾಡಿದಾಗಲೇ ನನಗೆ ಅವರ ಮೇಲೆ ಅನುಮಾನ ಬಂತು. ನಿದ್ದೆಗೆ 7, ಕಾಲೇಜಿಗೆ 6, ಓದಿಗೆ 5, ಊಟ ಓಡಾಟಕ್ಕೆ 3, ವ್ಯಕ್ತಿತ್ವ ವಿಕಸನಕ್ಕೆ 1. ಉಳಿದ 2 ಗಂಟೆಗೆ ‘ಇತರೆ’. ಈ ವೃತ್ತದಲ್ಲಿ ನೀರು ತುಂಬುವ ಹೊತ್ತು ಎಲ್ಲಿದೆ? ನಾನಿರುವುದು ಹಳೆಯ ಊರಿನ ಓಣಿಯಲ್ಲಿ, ಮೌಶಿಯ ಮನೆಯಲ್ಲಿ. ನೀರು ಬಂದ ದಿನ ಬೆಳಗಿನ ಒಂದೂವರೆ ಗಂಟೆ ಕೊಡಗಳ ಪಾಲು. ವೃತ್ತ ಬರೆಯುವ ಗಂಡಸರ ಮನೆಯಲ್ಲಿ ನೀರು ತಾನೇ ನಡೆದು ಬಂದು ತುಂಬಿಕೊಳ್ಳುತ್ತದೆ ಎಂದು ಕಾಣುತ್ತದೆ.

ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಹವ್ಯಾಸ ಕೇಳಿದರು. ಕ್ರಿಕೆಟ್, ಹಾಡು ಕೇಳುವುದು, ಹಾಡು ಕೇಳುವುದು, ಅಡುಗೆ, ಮತ್ತೆ ಹಾಡು ಕೇಳುವುದು. ನಾನು ಬಿದ್ರಿ ಕೆಲಸ ಎಂದೆ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮ ಬೀದರಿನ ಕಸುಬು. “ಓ, ಒಳ್ಳೆಯದು, ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತದೆ” ಎಂದರು. ಅದರ ಬೆನ್ನಿಗೇ ಆ ಪ್ರಶ್ನೆ. ಅವರು ಆ ಪದವನ್ನು ಬೇಕೆಂದೇ ಆರಿಸಿಕೊಂಡರು ಎಂದು ನನಗೆ ಅನ್ನಿಸುವುದಿಲ್ಲ. ಗಡಿಯಾರ ನೋಡಿಕೊಂಡು ಮಾತನಾಡುವವರ ಬಾಯಲ್ಲಿ ‘ಖರ್ಚಾಗುತ್ತದೆ’ ಬರಬೇಕಾದ ಜಾಗದಲ್ಲಿ ‘ಹಾಳಾಗುತ್ತದೆ’ ಬರುತ್ತದೆ, ಅಷ್ಟೇ. ನನ್ನನ್ನು ಕುಕ್ಕುತ್ತಿರುವುದು ಪ್ರಶ್ನೆಯಲ್ಲ, ಉತ್ತರ. ಹಾಳಾಗುವುದಿಲ್ಲ ಎನ್ನಬಹುದಿತ್ತು. ಸುಮ್ಮನೆ ನಿಲ್ಲಬಹುದಿತ್ತು. ನಾನೋ, ಸಾಲ ಕೊಟ್ಟವನಿಗೆ ಬಾಕಿ ಒಪ್ಪಿಸಿದಂತೆ ಲೆಕ್ಕ ಒಪ್ಪಿಸಿದೆ. ಮೇಲೆ ‘ಸರ್’ ಬೇರೆ.

ಬಿದ್ರಿಗೆ ನಾನು ಹೋದದ್ದು ಯಾವ ಕಲಾಪ್ರೇಮದಿಂದಲೂ ಅಲ್ಲ. ಹೋದ ವರ್ಷ ಸ್ಥಳೀಯ ಉದ್ಯಮದ ಬಗ್ಗೆ ಐದು ಪುಟ ಬರೆದು ಕೊಡಬೇಕಿತ್ತು. ಬೀದರಿನಲ್ಲಿದ್ದುಕೊಂಡು ಬೇರೆ ಏನು ಬರೆಯುವುದು? ನಾಲ್ವರು ಹುಡುಗಿಯರು ಚೌಬಾರಾ ಗೋಪುರದ ಹತ್ತಿರದ ಓಣಿಯೊಂದರ ಕಾರ್ಖಾನೆಗೆ ಹೋದೆವು. ಕಾರ್ಖಾನೆ ಎಂದರೆ ಎರಡು ಕೋಣೆ, ಒಂದು ಭಟ್ಟಿ, ನೆಲದ ಮೇಲೆ ಕೂತ ಮೂವರು. ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾವೂ ಚಾಚಾ ಎಂದೆವು. ಮೂವರು ಗೆಳತಿಯರು ಫೋಟೊ ತೆಗೆದುಕೊಂಡು ಮಹಮೂದ್ ಗಾವಾನರ ಹಳೆಯ ಮದರಸಾ ನೋಡಲು ಹೋದರು. ನಾನು ಅಲ್ಲೇ ಉಳಿದೆ. ಅವತ್ತು ಚಾಚಾ ಕೋಟೆಯಿಂದ ತಂದ ಮಣ್ಣನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದರು. ಬಿಸಿಲು ಮಳೆ ಕಾಣದ ಹಳೆಯ ಮೂಲೆಗಳ ಮಣ್ಣು. ರುಚಿ ನೋಡಿ, ಥೂ ಎಂದು ಉಗುಳಿ, “ಇದು ಆಗುತ್ತದೆ” ಎಂದರು. ಲ್ಯಾಬಿನಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು ಎಂದು ಮೊದಲ ದಿನವೇ ಹೇಳಿಸಿಕೊಂಡ ರಸಾಯನಶಾಸ್ತ್ರದ ವಿದ್ಯಾರ್ಥಿನಿ ನಾನು. ಮತ್ತೆ ಮುಂದಿನ ಭಾನುವಾರವೂ ಹೋದೆ.

ಮೊದಲ ಎರಡು ತಿಂಗಳು ನನಗೆ ಅರ ಬಿಟ್ಟು ಬೇರೇನೂ ಕೊಡಲಿಲ್ಲ. ಮಣ್ಣಿಗೆ ಹರಳೆಣ್ಣೆ, ರಾಳ ಕಲಸಿ ಮಾಡಿದ ಅಚ್ಚಿನಿಂದ ಎರಕ ಹೊರಬಂದಾಗ ಅದರ ಮೈಯೆಲ್ಲ ತರಿತರಿ. ಅದನ್ನು ಅರದಿಂದ ಉಜ್ಜು, ಉಪ್ಪುಕಾಗದದಿಂದ ಉಜ್ಜು, ಮತ್ತೆ ಉಜ್ಜು. ಆಮೇಲೆ ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಬರೆದ ಗೆರೆ ಕಾಣಲಿ ಎಂದು. ಚಾಚಾ ಅದರ ಮೇಲೆ ಕಂಪಾಸು, ಸ್ಕೇಲು ಏನೂ ಇಲ್ಲದೆ ಬಳ್ಳಿ ಎಳೆಯುತ್ತಾರೆ. ಗೆರೆಯ ಗುಂಟ ಉಳಿಯಿಂದ ತೋಡಬೇಕು, ತೋಡಿದ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯಬೇಕು. ಬಡಿದು ನಯ ಮಾಡಿದ ಮೇಲೆ ಒಂದು ವಿಚಿತ್ರ ಗಳಿಗೆ ಬರುತ್ತದೆ: ತಾತ್ಕಾಲಿಕ ಕಪ್ಪು ಹೋಗಿ ಲೋಹವೂ ಬಿಳಿ, ಬೆಳ್ಳಿಯೂ ಬಿಳಿ. ವಾರಗಟ್ಟಲೆ ಮಾಡಿದ ಕೆಲಸ ಕಣ್ಣಿಗೆ ಕಾಣುವುದೇ ಇಲ್ಲ. ಆಗ ವಸ್ತುವನ್ನು ಹದವಾಗಿ ಬಿಸಿ ಮಾಡಿ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಕೋಟೆ ಮಣ್ಣನ್ನು ಬಳಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ತೊಳೆದು ಎಣ್ಣೆ ಒರೆಸಿದಾಗ ಮೊದಲ ಸಲ ನೋಡಿದವರು ಬಾಯಿಬಿಟ್ಟು ಏನಾದರೂ ಅನ್ನುತ್ತಾರೆ. ನಾನು “ಅವ್ವಾ” ಎಂದಿದ್ದೆ.

ಕಪ್ಪು ಯಾಕೆ ಎನ್ನುವುದು ನನ್ನನ್ನು ಬಹಳ ದಿನ ಕಾಡಿತು. ಲೋಹದಲ್ಲಿ ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಸತುವಿನ ಲವಣಗಳು ಸಾಮಾನ್ಯವಾಗಿ ಬಣ್ಣವಿಲ್ಲದವು ಎಂದು ನಮ್ಮ ಪಠ್ಯದಲ್ಲೇ ಇದೆ. ಮೇಡಂ ಅವರನ್ನು ಕೇಳಿದೆ. ಇದು ಸಿಲೆಬಸ್ಸಿನಲ್ಲಿ ಇಲ್ಲ ಎಂದು ಸುಮ್ಮನಾಗುವವರೇ ಹೆಚ್ಚಿರುವಾಗ ಅವರು ಒಂದು ವಾರ ಬಿಟ್ಟು ತಾವೇ ಕರೆದು ಹೇಳಿದರು: ನವಸಾಗರ ಮೇಲ್ಮೈಯ ಸತುವನ್ನು ಮೊದಲು ತಿನ್ನುತ್ತದೆ, ಅಲ್ಲಿ ತಾಮ್ರದ ಅಂಶ ಹೆಚ್ಚುತ್ತದೆ, ಕಪ್ಪಿನ ಗುಟ್ಟು ಆ ತಾಮ್ರದಲ್ಲಿದೆ. ಬರೀ ಸತುವಾದರೆ ಈ ಕಪ್ಪು ಕೂರುವುದಿಲ್ಲ.

ಹವ್ಯಾಸ ಓದಿಗೆ ನೆರವಾಯಿತು ಎಂದು ಯಾರಾದರೂ ಸಂತೋಷಪಡುವ ಮೊದಲೇ ಹೇಳಿಬಿಡುತ್ತೇನೆ. ಇಂಟರ್ನಲ್‌ನಲ್ಲಿ ಸತುವಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ, ಎಲ್ಲವೂ ಆರ್ಗ್ಯಾನಿಕ್. 20ಕ್ಕೆ 9 ಬಂತು. ಆರ್ಗ್ಯಾನಿಕ್ ಅಂದರೆ ನನಗೆ ಹೆದರಿಕೆ, ಹೆದರಿಕೆಯಾದ ದಿನ ಉಳಿ ಸುತ್ತಿಗೆ ಬಹಳ ಪ್ರೀತಿಯ ವಸ್ತುಗಳಾಗುತ್ತವೆ. ಆ ನಾಲ್ಕು ಗಂಟೆಯಲ್ಲಿ ಎಷ್ಟು ಕಲಿಕೆ, ಎಷ್ಟು ತಪ್ಪಿಸಿಕೊಳ್ಳುವುದು ಎಂದು ಯಾರಾದರೂ ಬೇರ್ಪಡಿಸಲು ಹೇಳಿದರೆ ನನ್ನ ಬಳಿ ಉತ್ತರವಿಲ್ಲ. ಭಾಲ್ಕಿ ಕಡೆಯ ನಮ್ಮ ಹಳ್ಳಿಯಲ್ಲಿ ತೊಗರಿ, ಸೋಯಾ ಬೆಳೆದು ಫೀಸು ಕಟ್ಟುವ ಅಪ್ಪನಿಗೆ ಈ ಭಾನುವಾರಗಳ ವಿಷಯ ಇವತ್ತಿಗೂ ಹೇಳಿಲ್ಲ. ಬಹುಶಃ ಅದಕ್ಕೇ ‘ಹಾಳು’ ಎಂದಾಗ ನನ್ನ ಬಾಯಿಗೆ ಅಷ್ಟು ಬೇಗ ಅಂಕಿ ಬಂತು. ಒಳಗೆ ಯಾರೋ ಮೊದಲೇ ಲೆಕ್ಕ ಇಟ್ಟಿದ್ದರು.

ಶನಿವಾರ ರಾತ್ರಿ ನಿದ್ದೆ ಬರಲಿಲ್ಲ. ಮಲಗಿದಲ್ಲೇ ಆ ತರಬೇತುದಾರರಿಗೆ ಕೊಡಬೇಕಿದ್ದ ಉತ್ತರ ಕಟ್ಟುತ್ತಿದ್ದೆ. ವಾರಕ್ಕೆ 168 ಗಂಟೆ ಸರ್, ಅದರಲ್ಲಿ ನನ್ನದು ನಾಲ್ಕು. ಬಿದ್ರಿಯಲ್ಲಿ ಹದಿನೇಳಕ್ಕೆ ಒಂದು ಪಾಲು ತಾಮ್ರ ಇರುತ್ತದೆ, ನನ್ನ ಲೆಕ್ಕದಲ್ಲಿ ದಕ್ಕುವುದು ನಲವತ್ತೆರಡಕ್ಕೆ ಒಂದೇ ಪಾಲು. ಆದರೆ ಆ ಸಣ್ಣ ಪಾಲು ಇಲ್ಲದಿದ್ದರೆ ಉಳಿದದ್ದಕ್ಕೆ ಬಣ್ಣವೇ ಬರುವುದಿಲ್ಲ. ನೀವು ಹೇಳುವ ಸಮತೋಲನ ತಕ್ಕಡಿಯ ಎರಡು ತಟ್ಟೆ ಸಮ ನಿಲ್ಲುವುದು. ಅಪ್ಪ ತೊಗರಿ ಮಾರುವ ಅಡತಿ ಅಂಗಡಿಯಲ್ಲಿ ತಟ್ಟೆ ಸಮ ನಿಂತದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಕತ್ತಲಲ್ಲಿ ಬಹಳ ಚೆನ್ನಾಗಿ ಕೇಳಿಸಿತು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು.

ಇಷ್ಟೆಲ್ಲ ವಾದಿಸಿ ಭಾನುವಾರ ಹೋಗಲಿಲ್ಲ. ಇದು ನನ್ನ ಸ್ವಭಾವ. ಆ ನಾಲ್ಕು ಗಂಟೆ ಉಳಿಸಿ ಓದುತ್ತೇನೆ, ನೋಡೇಬಿಡೋಣ ಎಂದು ಹತ್ತು ಗಂಟೆಗೆ ಪುಸ್ತಕ ತೆರೆದೆ. ಒಂದು ಪುಟ ಮುಗಿಯುವಷ್ಟರಲ್ಲಿ ಮೌಶಿ ಬಂದು, ಮನೆಯಲ್ಲೇ ಇದ್ದೀಯಲ್ಲ, ಗೋಧಿ ಬೀಸಿಸಿಕೊಂಡು ಬಾ ಎಂದಳು. ಗಿರಣಿಯಲ್ಲಿ ಸಾಲು. ವಾಪಸು ಬಂದು ಎರಡನೇ ಪುಟ. ಗೆಳತಿಯ ಫೋನು, ಕೆಎಎಸ್ ಪರೀಕ್ಷೆಗೆ ಈಗಿನಿಂದಲೇ ತಯಾರಾಗುತ್ತಿರುವವಳು, ನಾಲ್ಕು ಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆಯುತ್ತಾಳೆ, ಬರೆದ ಮೇಲೆ ಅದರ ಫೋಟೊ ಕಳಿಸುತ್ತಾಳೆ, ಓದುವುದನ್ನು ಮಾತ್ರ ನಾನು ಕಂಡಿಲ್ಲ. (ಇದನ್ನು ಅವಳು ಓದುತ್ತಾಳೆ. ಓದಲಿ.) ಫೋನು ಇಟ್ಟ ಮೇಲೆ ಮೊಬೈಲು ಕೈಯಲ್ಲೇ ಉಳಿಯಿತು. ಯಾರೋ ಮಾವಿನಕಾಯಿ ಉಪ್ಪಿನಕಾಯಿ ಹಾಕುವುದನ್ನು ಪೂರ್ತಿ ನೋಡಿದೆ. ಎರಡು ಗಂಟೆಗೆ ಪುಸ್ತಕದ ಮೇಲೆ ತಲೆ ಇಟ್ಟು ಮಲಗಿದ್ದೆ. ಉಳಿಸಿದ ನಾಲ್ಕು ಗಂಟೆಯಲ್ಲಿ ಆದ ಓದು ಮೂರು ಪುಟ. ಇದನ್ನು ಯಾರೂ ಹಾಳು ಎನ್ನುವುದಿಲ್ಲ. ಹೊರಗಿನಿಂದ ನೋಡಿದರೆ ಹುಡುಗಿ ಮನೆಯಲ್ಲಿದ್ದಳು, ಮುಂದೆ ಪುಸ್ತಕವಿತ್ತು.

ಮಂಗಳವಾರ ಕಾಲೇಜು ಬಿಟ್ಟ ಮೇಲೆ ಚಾಚಾ ಅವರ ಕಡೆ ಹೋದೆ. ಭಾನುವಾರ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನನ್ನ ಪಾಲಿನ ಚಿಕ್ಕ ಡಬ್ಬಿಯನ್ನು ಮುಂದೆ ಸರಿಸಿದರು. ನಾನು ಶುಕ್ರವಾರದ ಕಥೆ ಶುರು ಮಾಡಿದೆ, ನಗಿಸುವ ಧಾಟಿಯಲ್ಲಿ. ವೃತ್ತ, ಹೋಳು, ರೆಸ್ಯೂಮೆ, ಆ ಪ್ರಶ್ನೆ, ಕೊನೆಗೆ ನನ್ನ ಹದಿನೇಳಕ್ಕೆ ಒಂದರ ಉತ್ತರ. ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಅವರದು ದಖ್ಖನಿ ಉರ್ದು, ನನ್ನದು ಕನ್ನಡ. ಅವರಂದದ್ದು ಕನ್ನಡದಲ್ಲಿ ಹೀಗಾಗುತ್ತದೆ:

“ವಾರಕ್ಕೆ ನಾಲ್ಕು ಗಂಟೆ ಹಾಳು ಎಂದರಾ?”

“ಹೌದು ಚಾಚಾ.”

“ನಾನು ಹನ್ನೊಂದು ವರ್ಷಕ್ಕೆ ಇಲ್ಲಿ ಕೂತವನು ಬೇಟಿ. ಈಗ ಅರವತ್ತಮೂರು. ನೀನು ಸೈನ್ಸ್ ಓದುವವಳು, ಲೆಕ್ಕ ಹಾಕಿ ಹೇಳು. ನನ್ನದು ಎಷ್ಟು ಹಾಳಾಯಿತು?”

ವ್ಯಂಗ್ಯವಿದ್ದಿದ್ದರೆ ನಕ್ಕುಬಿಡುತ್ತಿದ್ದೆ. ಇರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು, ಬೆಳ್ಳಿಯ ಧಾರಣೆ ಕೇಳಿದ ಹಾಗೆ. ನಾನು ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಉಜ್ಜಿದೆ. ಆಗಲೇ ನಯವಾಗಿದ್ದ ಮುಚ್ಚಳ.

ಶನಿವಾರ ರಾತ್ರಿ ಅಷ್ಟು ಚೆನ್ನಾಗಿ ಹೊಳೆದಿದ್ದ ಉತ್ತರ ಅಲ್ಲಿ, ಆ ಹೊಗೆಯ ಕೋಣೆಯಲ್ಲಿ, ಬಹಳ ಸಣ್ಣದಾಗಿ ಕಂಡಿತು. ಈ ನಾಲ್ಕು ಗಂಟೆ ನನ್ನ ಬದುಕಿಗೆ ಬಣ್ಣ ಕೊಡುವ ತಾಮ್ರದ ಪಾಲು ಎಂದು ಹೇಳಿಕೊಳ್ಳುವುದು, ಉಳಿದ ಪಾಲುಗಳು ಭದ್ರವಾಗಿರುವವಳಿಗೆ ಸುಲಭ. ಚಾಚಾ ನನ್ನ ಕೆಲಸವನ್ನು ಯಾವಾಗಲೂ ‘ಶೌಕ್’ (ಹವ್ಯಾಸ) ಎನ್ನುತ್ತಾರೆ, ತಮ್ಮದನ್ನು ‘ಕಾಮ್’ (ಕೆಲಸ). ಒಂದೇ ಉಳಿ, ಒಂದೇ ತಂತಿ. 2023ರಲ್ಲಿ ನಮ್ಮ ಊರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ದಿನ ಈ ಕೋಣೆಯಲ್ಲೂ ಕೆಲಸ ನಿಲ್ಲಿಸಿ ಚಹಾ ತರಿಸಿದ್ದರಂತೆ. ಮರುದಿನದಿಂದ ಮತ್ತೆ ತುಂಡಿಗಿಷ್ಟು ಎಂದು ಕೂಲಿ. ಚಾಚಾ ಅವರ ಮಗ ಆಟೊ ಓಡಿಸುತ್ತಾನೆ. ಅವನಿಗೆ ಆಸಕ್ತಿ ಇರಲಿಲ್ಲ ಎಂದೇ ನಾನು ಇಷ್ಟು ದಿನ ನಂಬಿದ್ದೆ, ಈಗಿನ ಹುಡುಗರು ಎಂದು ಮನಸ್ಸಿನಲ್ಲೇ ಅವನನ್ನು ಬೈದದ್ದೂ ಉಂಟು. ಮಂಗಳವಾರ ಗೊತ್ತಾಯಿತು, ಅವನ ಕೈ ಒಳ್ಳೆಯದಿತ್ತಂತೆ. ಉಳಿ ಕೆಳಗಿಡು ಎಂದವರು ಚಾಚಾ ಅವರೇ.

“ನಿನಗೂ ಅದನ್ನೇ ಹೇಳುತ್ತೇನೆ. ಪರೀಕ್ಷೆ ಮುಗಿಯುವ ತನಕ ಬರಬೇಡ.”

ಕುಶಲಕರ್ಮಿ ಎಂದರೆ ಕಲೆಯ ಪರವಾಗಿ ನಾಲ್ಕು ಮಾತು ಹೇಳಿ ನನ್ನನ್ನು ಎತ್ತಿ ನಿಲ್ಲಿಸುತ್ತಾರೆ ಎಂದು ನಾನು ಹೋಗಿದ್ದೆ ಎನ್ನುವುದು ಆಗ ನನಗೇ ತಿಳಿಯಿತು. ಅವರು ತರಬೇತುದಾರರ ಪಕ್ಷ ವಹಿಸಿದರು. ಪದ ಮಾತ್ರ ಬೇರೆ.

“ಡಬ್ಬಿ?” ಎಂದು ಕೇಳಿದೆ.

“ಅದೇನು ಕೊಳೆಯುತ್ತದೆಯೇ? ಇಲ್ಲೇ ಇರುತ್ತದೆ. ಆ ನೀರಿನ ಬಕೆಟ್ ಈ ಕಡೆ ಕೊಡು.”

ಕೊಟ್ಟೆ. ಅವರು ಬಿಸಿ ವಸ್ತುವೊಂದಕ್ಕೆ ಮಣ್ಣು ಬಳಿದು ತೊಳೆಯತೊಡಗಿದರು. ಕಪ್ಪು ಬಂದಿತ್ತು. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಾನು ಮಾತ್ರ ಪ್ರತಿ ಸಲದಂತೆ ಬಗ್ಗಿ ನೋಡಿದೆ.

ರಾತ್ರಿ ರೆಕಾರ್ಡ್ ಬುಕ್ ಬರೆಯಲು ಕೂತೆ, ಗುರುವಾರ ಒಪ್ಪಿಸಬೇಕಿತ್ತು. ಟೈಟ್ರೇಶನ್‌ನ ಕೋಷ್ಟಕ ಮುಗಿಸಿ ಕೊನೆಯ ಪುಟ ತಿರುವಿ, ಯಾಕೆಂದು ಗೊತ್ತಿಲ್ಲದೆ, ಪೆನ್ಸಿಲಿನಲ್ಲಿ ಬರೆದೆ. 63ರಲ್ಲಿ 11 ಕಳೆದರೆ 52. ವರ್ಷಕ್ಕೆ 300 ದಿನ ಹಿಡಿದೆ, ಹಬ್ಬ, ಜ್ವರ ಬಿಟ್ಟು. ದಿನಕ್ಕೆ 8 ಗಂಟೆ. 52 × 300 × 8 = 1,24,800. ಕೆಳಗೆ ಎರಡು ಗೆರೆ ಎಳೆದೆ, ಉತ್ತರಕ್ಕೆ ಎಳೆಯುವಂತೆ. ನೋಡುತ್ತ ಕೂತು ಅಳಿಸುವುದು ಮರೆತೆ.

ಇವತ್ತು ಬೆಳಗ್ಗೆ ಮೇಡಂ ಪುಟ ತಿರುವುತ್ತ ಅಲ್ಲಿಗೆ ಬಂದು ನಿಂತರು.

“ಇದು ಯಾವ ಪ್ರಯೋಗದ ಲೆಕ್ಕ?”

“ಪ್ರಯೋಗದ್ದಲ್ಲ ಮೇಡಂ.”

“ಮತ್ತೆ ಯಾವುದು?”

ಈ ಸಲ ನಾನು ಉತ್ತರ ಕೊಡಲಿಲ್ಲ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಅಳಿಸಿ ತಾ ಎಂದು ಪುಸ್ತಕ ತಿರುಗಿಸಿ ಕೊಟ್ಟರು. ಅಲ್ಲೇ ನಿಂತು ರಬ್ಬರಿನಿಂದ ಉಜ್ಜಿದೆ. ಸೀಸ ಹೋಯಿತು. ಒತ್ತಿ ಬರೆದಿದ್ದೆನೇನೋ, ಗೀರು ಹಾಗೇ ಉಳಿದಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲ ಅಂಕಿಯೂ ಓದಬಹುದು. ಮೇಡಂ ಅದರ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಸಹಿ ಹಾಕಿ, “ಮುಂದಿನವರು ಬನ್ನಿ” ಎಂದರು.