ಒಂದೇ ಡಿಸ್ಕಿನೊಳಗಿನ ಸಿ, ಡಿ, ಇ

ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿ ತಂದ ಕಂಪ್ಯೂಟರ್‌ನಲ್ಲಿ ಸಿ, ಡಿ, ಇ ಎಂದು ಮೂರು ಡ್ರೈವ್‌ಗಳು ಕಂಡರೆ, ಒಳಗೆ ಮೂರು ಡಿಸ್ಕ್‌ಗಳಿವೆ ಎಂದೇ ಅನೇಕರು ತಿಳಿದಿರುತ್ತಾರೆ. ಡಿ ಡ್ರೈವ್‌ನಲ್ಲಿಟ್ಟ ಮದುವೆಯ ಫೋಟೊಗಳಿಗೆ, ಜಮೀನಿನ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳಿಗೆ ಏನೂ ಆಗುವುದಿಲ್ಲ ಎಂಬ ಧೈರ್ಯವೂ ಅಲ್ಲಿಂದಲೇ ಬರುತ್ತದೆ. ಸಾಮಾನ್ಯವಾಗಿ ಅವು ಒಂದೇ ಡಿಸ್ಕಿನ ಭಾಗಗಳು, ಅಂದರೆ ಪಾರ್ಟಿಷನ್‌ಗಳು. ಹಾಗಾಗಿ ಆ ಧೈರ್ಯದಲ್ಲಿ ಅರ್ಧ ಮಾತ್ರ ನಿಜ. ವಿಂಡೋಸ್ ಕೆಟ್ಟು ಸಿ ಡ್ರೈವನ್ನಷ್ಟೇ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ. ಡಿಸ್ಕೇ ಕೆಟ್ಟರೆ ಮೂರೂ ಒಟ್ಟಿಗೆ ಹೋಗುತ್ತವೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ನಿಜಸ್ಥಿತಿ ಕಾಣಿಸುತ್ತದೆ. ಕೆಳಭಾಗದಲ್ಲಿ ಡಿಸ್ಕ್ 0 ಎಂಬ ಒಂದೇ ಸಾಲು, ಅದರಲ್ಲಿ ಎಡದಿಂದ ಬಲಕ್ಕೆ ಜೋಡಿಸಿದ ಚೌಕಗಳು. ಹೊಸ ಕಂಪ್ಯೂಟರ್ ಆದರೆ ಸಾಮಾನ್ಯವಾಗಿ ಮೊದಲು ಇಎಫ್‌ಐ ಸಿಸ್ಟಂ ಪಾರ್ಟಿಷನ್, ಬಳಿಕ ಸಿ, ಆಮೇಲೆ ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಷನ್ ಇರುತ್ತವೆ. ಅಕ್ಷರವಿಲ್ಲದ ಈ ಚಿಕ್ಕ ಚೌಕಗಳು ವ್ಯರ್ಥವೆಂದು ಅಳಿಸಲು ಹೋಗಬಾರದು. ಇಎಫ್‌ಐ ಭಾಗ ಇಲ್ಲದಿದ್ದರೆ ವಿಂಡೋಸ್ ಬೂಟ್ ಆಗುವುದಿಲ್ಲ.

ಡಿಸ್ಕಿನ ಜಾಗವನ್ನು ಸೆಕ್ಟರ್ ಎಂಬ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಎಣಿಸುತ್ತಾರೆ. ಪಾರ್ಟಿಷನ್ ಎಂದರೆ ಡಿಸ್ಕಿನ ಇಂಥ ಸೆಕ್ಟರ್‌ನಿಂದ ಇಂಥ ಸೆಕ್ಟರ್‌ವರೆಗೆ ಎಂದು ಗುರುತಿಸಿದ ಗಡಿ. ಆ ಗಡಿಯೊಳಗೆ ಎನ್‌ಟಿಎಫ್‌ಎಸ್‌ನಂಥ ಫೈಲ್ ಸಿಸ್ಟಂ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವಿಡುವ ವ್ಯವಸ್ಥೆ, ಹಾಕಿ ಫಾರ್ಮ್ಯಾಟ್ ಮಾಡಿದಾಗ ಫೈಲ್ ಇಡಬಲ್ಲ ವಾಲ್ಯೂಮ್ ಸಿದ್ಧವಾಗುತ್ತದೆ, ಸಿ, ಡಿ ಎಂಬ ಅಕ್ಷರ ಸಿಗುವುದು ಅದಕ್ಕೆ. ಮನೆಯ ಕಂಪ್ಯೂಟರ್‌ಗಳಲ್ಲಿ ಒಂದು ಪಾರ್ಟಿಷನ್ನಿಗೆ ಒಂದೇ ವಾಲ್ಯೂಮ್ ಇರುವುದರಿಂದ ಎರಡೂ ಒಂದೇ ಎನಿಸುತ್ತದೆ. ಆದರೆ ಲಿನಕ್ಸ್‌ನ ಎಲ್‌ವಿಎಂ ಎಂಬ ವಾಲ್ಯೂಮ್ ನಿರ್ವಹಣೆಯ ವ್ಯವಸ್ಥೆಯಲ್ಲಿ ಒಂದೇ ವಾಲ್ಯೂಮ್ ಎರಡು ಡಿಸ್ಕ್‌ಗಳ ಮೇಲೆ ಹರಡಿಕೊಳ್ಳಬಹುದು; ಮ್ಯಾಕ್‌ನ ಎಪಿಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ ಹಲವು ವಾಲ್ಯೂಮ್‌ಗಳು ಒಂದೇ ಖಾಲಿ ಜಾಗವನ್ನು ಹಂಚಿಕೊಳ್ಳುತ್ತವೆ.

ಗಡಿಗಳ ಲೆಕ್ಕ ಎಷ್ಟು ಚಿಕ್ಕ ಜಾಗದಲ್ಲಿದೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. 1983ರ ಪಿಸಿ ಡಾಸ್ 2.0 ಜೊತೆ ಬಂದ ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್) ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳ ಸೆಕ್ಟರ್‌ನಲ್ಲೇ ಈ ಕೋಷ್ಟಕ ಇರುತ್ತದೆ: ತಲಾ 16 ಬೈಟ್‌ಗಳ ನಾಲ್ಕು ನಮೂದುಗಳು, ಒಟ್ಟು 64 ಬೈಟ್. ನಾಲ್ಕಕ್ಕಿಂತ ಹೆಚ್ಚು ಭಾಗ ಬೇಕಾದರೆ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ ಅದರೊಳಗೆ ಲಾಜಿಕಲ್ ಡ್ರೈವ್‌ಗಳನ್ನು ಇಡಬೇಕು. ಸೆಕ್ಟರ್ ಸಂಖ್ಯೆಗೆ 32 ಬಿಟ್‌ಗಳಷ್ಟೇ ಇರುವುದರಿಂದ ಸುಮಾರು 2 ಟಿಬಿ ದಾಟಿದ ಜಾಗವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳಲಾರದು. ಅದರ ಬದಲಿಗೆ ಬಂದಿರುವ ಈಗಿನ ಜಿಪಿಟಿ ಪದ್ಧತಿಯಲ್ಲಿ ಈ ತೊಡಕಿಲ್ಲ. ವಿಂಡೋಸ್‌ನಲ್ಲಿ 128 ಪಾರ್ಟಿಷನ್‌ಗಳವರೆಗೆ ಅವಕಾಶವಿದೆ, ಕೋಷ್ಟಕದ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ.

ಪಾರ್ಟಿಷನ್ ಅಳಿಸಿದಾಗ ಹೋಗುವುದು ಮುಖ್ಯವಾಗಿ ಈ ನಮೂದು. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ತೋಟದ ತೆಂಗಿನಮರಗಳು ಮಾಯವಾಗುವುದಿಲ್ಲವಲ್ಲ, ಹಾಗೆಯೇ ಹಾರ್ಡ್ ಡಿಸ್ಕಿನಲ್ಲಿ ಫೈಲ್‌ಗಳು ಬೇರೆ ಏನಾದರೂ ಅವುಗಳ ಮೇಲೆ ಬರೆಯುವವರೆಗೆ ಇರುತ್ತವೆ, ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶ ಗಡಿಯನ್ನು ಮತ್ತೆ ಹುಡುಕಿ ಕೊಡಬಲ್ಲದು. ತಪ್ಪಿ ಅಳಿಸಿದ್ದಾದರೆ ಆ ಡಿಸ್ಕಿಗೆ ಏನನ್ನೂ ಕಾಪಿ ಮಾಡಬೇಡಿ. ಎಸ್‌ಎಸ್‌ಡಿಯಲ್ಲಿ ಮಾತ್ರ ಟ್ರಿಮ್ ಎಂಬ ವ್ಯವಸ್ಥೆ ಬಿಟ್ಟ ಜಾಗವನ್ನು ಬೇಗನೆ ಖಾಲಿ ಮಾಡುವುದರಿಂದ ಈ ಆಸೆ ತೀರಾ ಕಡಿಮೆ.

ಹೆಚ್ಚು ಜನ ಸಿಕ್ಕಿಬೀಳುವುದು ಸಿ ತುಂಬಿದಾಗ. ಡಿಯಲ್ಲಿ ಮುನ್ನೂರು ಜಿಬಿ ಖಾಲಿಯಿದ್ದರೂ ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ ಎಂಬ ಆಯ್ಕೆ ಮಂಕಾಗಿರುತ್ತದೆ. ಕಾರಣ, ಸಿಗೆ ತಾಗಿಕೊಂಡು ಬಲಗಡೆಯಲ್ಲೇ ಯಾರಿಗೂ ಹಂಚದ ಜಾಗ, ಅಂದರೆ ಕಪ್ಪು ಪಟ್ಟಿಯ ಅನ್‌ಅಲೊಕೇಟೆಡ್ ಭಾಗ, ಇರಬೇಕು. ಡಿಯನ್ನು ಶ್ರಿಂಕ್ ಮಾಡಿದರೆ, ಅಂದರೆ ಕುಗ್ಗಿಸಿದರೆ, ಜಾಗ ಹುಟ್ಟುವುದು ಡಿಯ ಬಲಕ್ಕೆ, ಸಿಗೆ ಅದು ಎಟಕುವುದಿಲ್ಲ. ಹಳೆಯ ಎಂಬಿಆರ್ ಡಿಸ್ಕಿನಲ್ಲಿ ಡಿಯನ್ನೇ ಅಳಿಸಿದರೂ ಆಯ್ಕೆ ಮಂಕಾಗಿಯೇ ಉಳಿಯುವುದುಂಟು. ಆಗ ಪಟ್ಟಿಯ ಬಣ್ಣ ನೋಡಿ. ಕಪ್ಪಿನ ಬದಲು ಹಸಿರು ಇದ್ದು ಫ್ರೀ ಸ್ಪೇಸ್ ಎಂದು ಬರೆದಿದ್ದರೆ ಆ ಜಾಗ ಇನ್ನೂ ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನ ಒಳಗೇ ಇದೆ ಎಂದರ್ಥ. ಅದನ್ನು ಬಿಡಿಸಲು ಇ ಡ್ರೈವ್‌ನಲ್ಲಿರುವುದನ್ನೂ ಹೊರಗೆ ಸಾಗಿಸಿ ಇಡೀ ಎಕ್ಸ್‌ಟೆಂಡೆಡ್ ಭಾಗವನ್ನು ಅಳಿಸಬೇಕು. ಜಿಪಾರ್ಟೆಡ್‌ನಂಥ ತಂತ್ರಾಂಶ ಡಿಯನ್ನೇ ಬಲಕ್ಕೆ ಸರಿಸಬಲ್ಲದು, ಆದರೆ ಅದಕ್ಕಾಗಿ ಅದರೊಳಗಿನ ಮಾಹಿತಿಯನ್ನೆಲ್ಲ ಹೊಸ ಜಾಗಕ್ಕೆ ನಕಲಿಸುತ್ತದೆ. ಗಂಟೆಗಟ್ಟಲೆ ಹಿಡಿಯುವ ಆ ಕೆಲಸದ ನಡುವೆ ಕರೆಂಟು ಹೋದರೆ ಡಿಯಲ್ಲಿದ್ದದ್ದು ಕೈಬಿಟ್ಟು ಹೋಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಲೇಬಾರದು.

ಹೀಗಾಗಿ ಮನೆಯ ಒಂದು ಡಿಸ್ಕನ್ನು ಮೂರು ನಾಲ್ಕು ತುಂಡು ಮಾಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಫೋಟೊ, ಹಾಡು, ಕಾಗದಪತ್ರಗಳನ್ನು ಬೇರೆ ಮಾಡಲು ಫೋಲ್ಡರ್ ಸಾಕು. ಹೆಚ್ಚೆಂದರೆ ಎರಡು ಭಾಗ ಇರಲಿ, ಸಿಗೆ ಧಾರಾಳವಾಗಿ ಜಾಗ ಬಿಡಿ. 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಅಂಗಡಿಯವರ ಮೇಲೆ ಸಂಶಯ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಪಾರ್ಟಿಷನ್ ಮುಟ್ಟುವ ಮೊದಲು ಬೇರೆಯದೇ ಆದ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಎಲ್ಲವನ್ನೂ ನಕಲಿಸಿ, ಕೆಲವು ಫೈಲ್‌ಗಳನ್ನು ಅಲ್ಲಿಂದಲೇ ತೆರೆದು ನೋಡಿ. ಆ ಡಿಸ್ಕಿನ ಫೈಲ್ ಸಿಸ್ಟಂ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡದಾದ ಮದುವೆಯ ವಿಡಿಯೊ ಅದರಲ್ಲಿ ಹಿಡಿಸುವುದಿಲ್ಲ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಬಳಸುವುದಾದರೆ ಎಕ್ಸ್‌ಫ್ಯಾಟ್‌ಗೆ, ವಿಂಡೋಸ್‌ನಲ್ಲಷ್ಟೇ ಆದರೆ ಎನ್‌ಟಿಎಫ್‌ಎಸ್‌ಗೆ ಮೊದಲೇ ಫಾರ್ಮ್ಯಾಟ್ ಮಾಡಿಕೊಳ್ಳಿ.